ಹಲ್ಲಕ್ಕನ ಗೂಳಿ

ಆ ಬೀದಿಯಲ್ಲಿ ನಗುವ ಮುದುಕರಲ್ಲಿ ಅರ್ಧಕ್ಕರ್ಧ ಮಂದಿ ನಗುತ್ತಿದ್ದದ್ದು ಅವಳು ಮಾಡಿಕೊಟ್ಟ ಹಲ್ಲುಗಳಿಂದ. ಹಾಗಾಗಿ ಅವಳಿಗೆ ಹಲ್ಲಕ್ಕ ಎಂಬ ಹೆಸರು ಬಿತ್ತು, ಹುಟ್ಟುಹೆಸರು ಬ್ಯಾಂಕಿನವರ ಪಾಲಿಗೆ ಉಳಿಯಿತು. ಅವಳು ಹಲ್ಲಿನ ಡಾಕ್ಟರಲ್ಲ. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಅದಕ್ಕೆ ಪ್ಲಾಸ್ಟರ್ ಸುರಿದು ದವಡೆ ಎಬ್ಬಿಸಿ, ಗುಲಾಬಿ ಬಣ್ಣದ ಮೇಣದಲ್ಲಿ ವಸಡು ಕಟ್ಟಿ, ಹಲ್ಲು ಕೂರಿಸಿ, ಬೇಯಿಸಿ, ಉಜ್ಜಿ, ಸೆಟ್ಟು ಮಾಡಿ ವಾಪಸು ಕಳಿಸುವುದು ಇವಳ ಕೆಲಸ. ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ಕಿಟಕಿಯ ಕಟ್ಟೆಯ ಮೇಲೆ ಯಾರ್ಯಾರದೋ ದವಡೆಗಳು ಬಿಸಿಲು ಕಾಯಿಸುತ್ತ ಕೂತಿರುತ್ತಿದ್ದವು. ಹೊಸದಾಗಿ ಬಂದ ಪೋಸ್ಟ್‌ಮ್ಯಾನ್ ಅವನ್ನು ನೋಡಿ ಕಾಗದವನ್ನು ಮೆಟ್ಟಿಲ ಮೇಲೇ ಎಸೆದು ಓಡಿದನಂತೆ. ಇದು ಅತ್ತಿಗೆ ಹೇಳುವ ಕಥೆ. ಅತ್ತಿಗೆಯ ಕಥೆಗಳಿಗೆ ಒಂದಿಷ್ಟು ಒಗ್ಗರಣೆ ಬಿದ್ದೇ ಇರುತ್ತದೆ.

ಹಲ್ಲಕ್ಕನದು ಒಂದು ವಿಚಿತ್ರ ಗುಣ. ‘ಆಗಲ್ಲ’ ಎನ್ನುವ ಮಾತು ಅವಳ ಕಿವಿಗೆ ಬೀಳುತ್ತಲೇ ಇರಲಿಲ್ಲ. ಸೆಟ್ಟು ಕೂದಲೆಳೆಯಷ್ಟು ಚುಚ್ಚುತ್ತದೆ ಎಂದು ಯಾರಾದರೂ ಗೊಣಗಿದರೆ ಡಾಕ್ಟರು “ಅಭ್ಯಾಸ ಆಗುತ್ತೆ ಬಿಡಿ” ಎಂದುಬಿಡುತ್ತಿದ್ದರು. ಇವಳು ಬಿಡುವವಳಲ್ಲ. ವಾಪಸು ತರಿಸಿಕೊಂಡು, ಅಂಚು ಸಿಕ್ಕಲ್ಲೆಲ್ಲ ಮೊಂಡು ಮಾಡಿ, ಗಾಜಿನಂತೆ ಹೊಳೆಯುವವರೆಗೆ ತಿಕ್ಕಿಯೇ ಕಳಿಸುತ್ತಿದ್ದಳು. ಬಾಯೊಳಗೆ ಚೂಪಾದದ್ದು ಏನೂ ಇರಬಾರದು ಎಂಬುದು ಅವಳ ಕೆಲಸದ ಮೊದಲ ಪಾಠ, ಕೊನೆಯ ಪಾಠ. ಈ ಪಾಠವೇ ಮುಂದೆ ಅವಳನ್ನು ಬೀಳಿಸಿತು.

ಮನೆಯಲ್ಲಿ ಇದ್ದವರು ಮೂರೇ ಜನ. ಮಹಡಿಯ ಕೋಣೆಯಲ್ಲಿ ಅವಳು, ಕೆಳಗೆ ಅಣ್ಣ, ಅತ್ತಿಗೆ. ಅಣ್ಣ ಮೆಕ್ಯಾನಿಕ್. ಕುಳ್ಳಗೆ, ಗುಂಡಗೆ, ಬಾಯಿತುಂಬ ಮಾತು. ಅವನಿಗೆ ಒಂದು ಹುಚ್ಚಿತ್ತು, ಆ ಹುಚ್ಚಿನ ಹೆಸರು ಗೂಳಿ. ಗೂಳಿ ಎಂದರೆ ಒಂದು ಹಳೆಯ ಕಾರು. ಮಸಲ್ ಕಾರು ಎನ್ನುತ್ತಾರಲ್ಲ, ಆ ಜಾತಿಯದು. ಉದ್ದ ಮೂತಿ, ಮೋಟು ಬಾಲ, ಎರಡೇ ಬಾಗಿಲು, ಬಾನೆಟ್ಟಿನ ಮೇಲೆ ಎಂಜಿನ್ ಉಸಿರಾಡಲೆಂದು ಎದ್ದ ಗೂನು, ಹಿಂದಿನ ಚಕ್ರಗಳ ಮೇಲೆ ಪೈಲ್ವಾನನ ತೊಡೆಯಂತೆ ಉಬ್ಬಿದ ತಗಡು, ಹಿಂಭಾಗದಲ್ಲಿ ಆ ಕಡೆ ಮೂರು ಈ ಕಡೆ ಮೂರು ಉದ್ದುದ್ದ ದೀಪ. ಗುಜರಿಯಲ್ಲಿ ಹುಲ್ಲು ಹುಟ್ಟಿಸಿಕೊಂಡು ಬಿದ್ದಿದ್ದ ಅದನ್ನು ಎಳೆದು ತಂದು, ವರ್ಷಗಟ್ಟಲೆ ಬಡಿದು ಬೆಸೆದು ಜೀವ ತುಂಬಿದವನು ಅಣ್ಣ. ಅದು ಸ್ಟಾರ್ಟ್ ಆದರೆ ಹಲ್ಲಕ್ಕನ ಕಿಟಕಿಯ ದವಡೆಗಳೆಲ್ಲ ಕಟಕಟ ಕಡಿಯುತ್ತಿದ್ದವು.

ಆಮೇಲೆ ಅಣ್ಣನ ಕಣ್ಣಿನ ನರಕ್ಕೆ ಕಾಯಿಲೆ ಬಂತು. ಮೊದಲು ನೋಟದ ಅಂಚುಗಳು ಹೋದವು, ಆಮೇಲೆ ನಡುವೆ ಇದ್ದದ್ದೂ ಹೋಯಿತು. ತಾನು ಓಡಿಸಲಾಗದ ಗೂಳಿ ಶೆಡ್ಡಿನಲ್ಲಿ ನಿಂತು ತುಕ್ಕು ಹಿಡಿಯುವುದು ಬೇಡವೆಂದು, ಇನ್ನೂ ಮಸುಕಾಗಿ ಕಾಣುತ್ತಿದ್ದಾಗಲೇ ಅದನ್ನು ದೂರದೇಶದ ಯಾರೋ ಶೋಕಿದಾರನಿಗೆ ಕೊಟ್ಟುಬಿಟ್ಟ. ಅದು ಹಡಗು ಹತ್ತಿ ಹೋಯಿತು. ಅವನು ಹಿತ್ತಿಲ ಬಾಗಿಲ ಪಕ್ಕದ ಕುರ್ಚಿ ಹತ್ತಿ ಕೂತ. ಮಾತಿನ ಮಲ್ಲನಾಗಿದ್ದವನು ಹೂಂ, ಉಹುಂಗೆ ಬಂದು ನಿಂತ.

ಒಂದು ಬೆಳಿಗ್ಗೆ ಹಲ್ಲಕ್ಕ ಅವನ ಕೈಗೆ ಕಾಫಿ ಲೋಟ ಕೊಟ್ಟಾಗ ಅವನು ತಾನಾಗಿಯೇ ಬಾಯಿಬಿಟ್ಟ.

“ಗೂಳಿಯ ಹಿಂಭಾಗ ಹೊರಟುಹೋಯ್ತು ಕಣೇ.”

“ಗೂಳಿಯೇ ಹೋಗಿ ಕಾಲ ಆಯ್ತಲ್ಲೋ.”

“ಅದಲ್ಲ. ದಿನಾ ಒಂದ್ಸಲ ತಲೆಯೊಳಗೇ ಅದರ ಸುತ್ತ ಒಂದು ಸುತ್ತು ಹಾಕ್ತೀನಿ. ಇವತ್ತು ಹಿಂದಕ್ಕೆ ಹೋದ್ರೆ ಏನೂ ಇಲ್ಲ. ಗೋಡೆ ಥರ ಬರೀ ಖಾಲಿ. ನಿನ್ನೆವರೆಗೂ ಇತ್ತು.” ಅವನು ಮೆಲ್ಲಗೆ ಸೇರಿಸಿದ, “ಇವತ್ತು ಅದು ಹೋಯ್ತು. ನಾಳೆ ನಿನ್ನ ಮುಖ ಹೋಗುತ್ತೆ. ಆಮೇಲೆ ನಿನ್ನ ಅತ್ತಿಗೆಯದು.”

ಕಣ್ಣು ಹೋದದ್ದು ಹೋಯಿತು, ಅದಕ್ಕೆ ಹಲ್ಲಕ್ಕ ಅತ್ತೂ ಆಗಿತ್ತು. ಆದರೆ ಒಳಗೆ ಕೂಡಿಟ್ಟುಕೊಂಡದ್ದೂ ಹೀಗೆ ಸೋರಿಹೋಗುತ್ತದೆ ಎಂದು ಅವಳು ಎಣಿಸಿರಲಿಲ್ಲ. ಮುಂದಿನ ಕೋಣೆಗೆ ಬಂದು ಕೂತಳು. ಎದುರಿಗೆ ಮೇಣ, ಪ್ಲಾಸ್ಟರ್, ಸಣ್ಣ ಡ್ರಿಲ್ಲು. ಬಾಯಲ್ಲಿ ಇಲ್ಲದ ಹಲ್ಲನ್ನು ಮಾಡುವುದೇ ತನ್ನ ಕಸುಬು; ಶೆಡ್ಡಿನಲ್ಲಿ ಇಲ್ಲದ ಕಾರನ್ನು ಯಾಕೆ ಮಾಡಬಾರದು? ಅಳೆದು ತೂಗಿ, ಅಚ್ಚು ಹಾಕಿದಂತೆ ಗೂಳಿಯದೇ ಮರಿಯೊಂದನ್ನು ಮಾಡಿ ಅವನ ಕೈಗಿಡುತ್ತೇನೆ, ಬೆರಳಿನಿಂದಲೇ ನೋಡಿಕೊಳ್ಳಲಿ ಎಂದು ಅವಳು ತೀರ್ಮಾನಿಸಿಬಿಟ್ಟಳು.

ಅತ್ತಿಗೆ ಹಣೆ ಚಚ್ಚಿಕೊಂಡಳು. “ಒಂದು ಕಾರು ಮನೆ ಬಿಟ್ಟು ತೊಲಗ್ತು ಅಂತ ಉಸಿರುಬಿಟ್ಟಿದ್ದೆ. ಈಗ ನೀನು ಇನ್ನೊಂದು ತರ್ತೀಯಾ ತಾಯೀ?”

“ಇದಕ್ಕೆ ಪೆಟ್ರೋಲ್ ಬೇಡ ಅತ್ತಿಗೆ.”

“ನಿನ್ನ ತಲೆ ಸಾಕಲ್ಲ, ಅದೇ ಉರೀತದೆ.”

ಅಳತೆಗೆ ಕಾರಿಲ್ಲ. ಇದ್ದದ್ದು ಆಲ್ಬಮ್ಮಿನ ಫೋಟೋಗಳು, ಅವುಗಳಲ್ಲೂ ಎಲ್ಲರ ಬೆನ್ನ ಹಿಂದೆ ಅಷ್ಟಿಷ್ಟು ಕಾಣುವ ಗೂಳಿ. ಅದರ ಟೈರು ಎಷ್ಟು ದೊಡ್ಡದೆಂಬುದು ಮಾತ್ರ ಅಣ್ಣನಿಗೆ ಕಂಠಪಾಠ. ಮಾತಿನ ನಡುವೆ ಅವನಿಂದ ಅದನ್ನು ಹೊರಡಿಸಿಕೊಂಡಳು. ಉಳಿದಿರುವ ಒಂದು ಹಲ್ಲಿನಿಂದ ಇಡೀ ದವಡೆಯನ್ನು ಅಂದಾಜು ಮಾಡಿ ಅಭ್ಯಾಸವಿದ್ದವಳಿಗೆ ಚಕ್ರದಿಂದ ಕಾರು ಹಿಡಿಯುವುದು ಕಷ್ಟವಾಗಲಿಲ್ಲ. ಫೋಟೋದಲ್ಲಿ ಬಾಗಿಲು ಎಷ್ಟು ಚಕ್ರದ ಅಗಲ, ಬಾನೆಟ್ಟು ಎಷ್ಟು ಚಕ್ರದ ಉದ್ದ ಎಂದು ಅಳೆಯುತ್ತ ಹೋದಳು. ಹಿಂಭಾಗ ಚೆನ್ನಾಗಿ ಬಿದ್ದ ಫೋಟೋ ಒಂದೂ ಇರಲಿಲ್ಲ. ಇದೇ ಮಾದರಿಯ ಕಾರಿನ ಚಿತ್ರವನ್ನು ಹಳೆಯ ಪತ್ರಿಕೆಯೊಂದರಲ್ಲಿ ಹುಡುಕಿ ಆ ಕೊರತೆ ತುಂಬಿಕೊಂಡಳು. ಅಸಲಿಯ ಒಂದು ಅಡಿ ಇಲ್ಲಿ ಒಂದು ಇಂಚು. ಮೊಳಕ್ಕೆ ಸ್ವಲ್ಪ ಕಡಿಮೆ ಉದ್ದದ ಗೂಳಿ.

ಹಗಲು ಜನರ ಹಲ್ಲು, ಸಂಜೆ ಅಣ್ಣನ ಕಾರು. ಮೇಣದಲ್ಲಿ ಕೆತ್ತಿದಳು, ಮನಸ್ಸಿಗೆ ಬರಲಿಲ್ಲ, ಕರಗಿಸಿದಳು, ಮತ್ತೆ ಕೆತ್ತಿದಳು. ಆಮೇಲೆ ಸೆಟ್ಟಿನ ವಸಡಿಗೆ ಬಳಸುವ ಗುಲಾಬಿ ಅಕ್ರಿಲಿಕ್ಕಿನಲ್ಲಿ ಎರಕ ಹೊಯ್ದಳು. ಬಣ್ಣಕ್ಕಂತೂ ಅವಳು ಬಿದ್ದ ಪಾಡು ಹೇಳತೀರದು. ಗೂಳಿಯದು ಒಂಥರಾ ಹಣ್ಣಾದ ಕೆಂಪು. ವಸಡಿನ ಬಣ್ಣವನ್ನು ಮುಖ ನೋಡಿ ಹೊಂದಿಸುವವಳಿಗೆ ಆ ಕೆಂಪು ಸಿಕ್ಕದೆ ಮಾನ ಹೋದಂತಾಯಿತು. ಕಡೆಗೂ ಸಿಕ್ಕಿತು. ಕೋಟಿನ ಮೇಲೆ ಕೋಟು ಬಳಿದು, ಪಾಲಿಶ್ ಚಕ್ರಕ್ಕೆ ಹಿಡಿದು, ಎಲ್ಲೂ ಒಂದು ತರಿ ಉಳಿಯದಂತೆ ತಿಕ್ಕಿದಳು. ಡಾಕ್ಟರು ಸೆಟ್ಟು ಒಯ್ಯಲು ಬಂದವರು ಅದನ್ನು ನೋಡಿ ಸೆಟ್ಟನ್ನೇ ಮರೆತು ಹೋದರು. ಅತ್ತಿಗೆಯೂ ಮೂಗಿನ ಮೇಲೆ ಬೆರಳಿಟ್ಟುಕೊಂಡಳು.

ಹಲ್ಲಕ್ಕ ಅದನ್ನು ಅಣ್ಣನ ತೊಡೆಯ ಮೇಲೆ ಇಟ್ಟಳು. ಅಣ್ಣ ಎರಡೂ ಕೈಯಿಂದ ಸವರಿದ. ಮೂತಿಯಿಂದ ಬಾಲಕ್ಕೆ, ಬಾಲದಿಂದ ಮೂತಿಗೆ. ತಿರುವಿದ, ಮತ್ತೆ ಸವರಿದ. ಅವನ ಮುಖದಲ್ಲಿ ಏನೂ ಆಗಲಿಲ್ಲ.

“ಸೋಪು,” ಎಂದ.

“ಏನು?”

“ಸೋಪು ಕಣೇ. ಅರ್ಧ ಸವೆದ ಸೋಪು. ಕೈಯಿಂದ ಜಾರುತ್ತೆ.”

ಹಲ್ಲಕ್ಕನಿಗೆ ಪಿತ್ತ ನೆತ್ತಿಗೇರಿತು. “ಸರಿಯಾಗಿ ಮುಟ್ಟಿ ನೋಡೋ! ಬಾಗಿಲು, ಗೂನು, ದೀಪ ಎಲ್ಲ ಇದೆ. ಎಷ್ಟು ಕಷ್ಟಪಟ್ಟಿದೀನಿ ಗೊತ್ತಾ?”

“ಇರಬಹುದು. ನನಗೆ ಸಿಗ್ತಿಲ್ಲ.” ಅವನು ಕಾರನ್ನು ಅವಳತ್ತ ಚಾಚಿದ. “ತಗೊಂಡು ಹೋಗು. ಇನ್ನೊಂದ್ಸಲ ಇಂಥದ್ದು ತರಬೇಡ. ಕೋಪಕ್ಕೆ ಹೇಳ್ತಿಲ್ಲ. ಈಗ ಬಾನೆಟ್ಟು ನೆನೆಸ್ಕೊಂಡ್ರೆ ಈ ಸೋಪೇ ಬರ್ತಿದೆ. ನೀನು ಕೊಟ್ಟದ್ದು ನನ್ನ ಹತ್ರ ಇದ್ದದ್ದರ ಮೇಲೆ ಕೂತ್ಕೊಳ್ತಿದೆ. ಇದ್ದ ಚೂರುಪಾರೂ ಹೋಗುತ್ತೆ.”

ಹಲ್ಲಕ್ಕ ಕಾರನ್ನು ಎತ್ತಿಕೊಂಡು ಬಂದು ಕೋಣೆಯ ಬಾಗಿಲು ಹಾಕಿಕೊಂಡಳು. ಒಂದಷ್ಟು ಹೊತ್ತು ಅಣ್ಣನನ್ನು ಮನಸಾರೆ ಬೈದಳು. ಬೈಗುಳ ಮುಗಿದ ಮೇಲೆ ಕಣ್ಣು ಮುಚ್ಚಿ ತಾನೇ ಸವರಿ ನೋಡಿದಳು. ಬಾಗಿಲಿನ ಸೀಳು ಬಣ್ಣದ ಕೋಟುಗಳಡಿ ಹೂತುಹೋಗಿತ್ತು. ಗೂನಿನ ಅಂಚು, ದೀಪದ ಅಂಚು, ಬಂಪರಿನ ಅಂಚು ಎಲ್ಲ ಮೊಂಡು. ವಸಡಿಗೆ ಚುಚ್ಚದಂತೆ ಸೆಟ್ಟು ತಿಕ್ಕುವ ಕೈ, ಕಾರನ್ನೂ ಹಾಗೆಯೇ ತಿಕ್ಕಿ ಇಟ್ಟಿತ್ತು. ಸಾಲದ್ದಕ್ಕೆ, ಅವಳು ಊಟ ಬಿಟ್ಟು ಹುಡುಕಿದ್ದು ಒಂದು ಬಣ್ಣವನ್ನು. ಕುರುಡನಾದ ಅಣ್ಣನಿಗೆ ಒಂದು ಬಣ್ಣ! ಅವಳಿಗೆ ನಾಚಿಕೆಯಾಯಿತು, ನಗುವೂ ಬಂತು, ಎರಡರ ನಡುವೆ ಕಣ್ಣಲ್ಲಿ ನೀರೂ ಬಂತು.

ಸುಮ್ಮನಿರಬೇಕಿತ್ತು. ಬೇರೆ ಯಾರಾದರೂ ಆಗಿದ್ದರೆ ಕೈಚೆಲ್ಲಿ ಕೂರುತ್ತಿದ್ದರು, ಅದರಲ್ಲಿ ತಪ್ಪೂ ಇರಲಿಲ್ಲ. ಇನ್ನೊಮ್ಮೆ ತಪ್ಪಿದರೆ ಅಣ್ಣನ ಒಳಗಿರುವ ಗೂಳಿಯನ್ನು ತಾನೇ ಕೈಯಾರೆ ಅಳಿಸಿದಂತೆ. ಆದರೆ ಸುಮ್ಮನಿದ್ದರೂ ಅದು ಅಳಿಸಿಯೇ ಹೋಗುತ್ತದಲ್ಲ? ಅವಳು ಸೋಪನ್ನು ಕಪಾಟಿನ ಮೇಲಿಟ್ಟು, ಒಂದು ಹಳೆಯ ದುಪಟ್ಟಾವನ್ನು ಕಣ್ಣಿಗೆ ಬಿಗಿದುಕೊಂಡು, ಹೊಸ ಮೇಣ ಕೈಗೆತ್ತಿಕೊಂಡಳು.

ಕಣ್ಣು ಕಟ್ಟಿಕೊಂಡ ಮೇಲೆ ಗೊತ್ತಾಯಿತು, ಬೆರಳಿನ ಲೆಕ್ಕವೇ ಬೇರೆ. ಸರಿಯಾದ ಅಳತೆಗೆ ಮಾಡಿದರೆ ಬಾಗಿಲಿನ ಸೀಳು ಬೆರಳಿಗೆ ಸಿಗುವುದೇ ಇಲ್ಲ. ಅಗಲ ಮಾಡಬೇಕು, ಅಳತೆಗೆ ಮೋಸ ಮಾಡಬೇಕು. ಕೂದಲೆಳೆಗೆ ಜಗಳವಾಡುವ ಹಲ್ಲಕ್ಕನಿಗೆ ಇದು ಔಷಧಿ ನುಂಗಿದಂತಾಯಿತು. ಆದರೂ ನುಂಗಿದಳು. ಅಂಚುಗಳನ್ನು ಚೂಪಾಗಿ ಬಿಟ್ಟಳು. ಪಾಲಿಶ್ ಚಕ್ರದ ಪ್ಲಗ್ಗು ಕಿತ್ತು, ತನ್ನ ಕೈಯನ್ನು ತಾನೇ ನಂಬದೆ, ವೈರನ್ನು ಅತ್ತಿಗೆಯ ಬೀರುವಿನಲ್ಲಿ ಇಡಿಸಿದಳು. ಹಲ್ಲಿನ ಕೆಲಸಕ್ಕೆ ಬೇಕಾದಾಗ ಹೋಗಿ ಬೇಡಿ ತರಬೇಕಿತ್ತು.

“ಕಾರಿಗಲ್ಲ ತಾನೆ?” ಎಂದು ಅತ್ತಿಗೆ ಪೊಲೀಸಿನವಳ ಹಾಗೆ ಕೇಳುತ್ತಿದ್ದಳು.

ಬಂಪರು ಬೆರಳಿಗೆ ತಣ್ಣಗೆ ತಾಗಬೇಕು ಎಂದುಕೊಂಡು, ಸವೆದ ಹಲ್ಲಿಗೆ ತೊಡಿಸುವ ಟೋಪಿಗಳನ್ನು ಎರಕ ಹೊಯ್ಯುವ ಲೋಹದಲ್ಲೇ ಅದನ್ನು ಹೊಯ್ದಳು. ಬಾಯಿಯ ಅಚ್ಚು ತೆಗೆಯುವ ರಬ್ಬರಿನಲ್ಲಿ ಟೈರು ಮಾಡಿದಳು. ಹರಿದ ಕೈಗವಸಿನ ಚರ್ಮ ಸೀಟಾಯಿತು. ಬಾಗಿಲಿಗೆ ಕೀಲು ಕೂರಿಸಿ ಉಗುರಿಗೆ ತೆರೆಯುವಂತೆ ಮಾಡಿದಳು. ಎರಕ ಹೊಯ್ದ ಮೇಲೆ ಬಣ್ಣ ಮಾತ್ರ ಬಳಿಯಲಿಲ್ಲ. ಗೂಳಿ ಈ ಸಲ ವಸಡಿನ ಗುಲಾಬಿ ಬಣ್ಣದಲ್ಲೇ ಉಳಿಯಿತು.

“ಥೂ, ಚರ್ಮ ಸುಲಿದ ಹಾಗಿದೆ,” ಎಂದು ಅತ್ತಿಗೆ ಮೂಗು ಮುರಿದಳು.

“ನೋಡಬೇಡ ಅತ್ತಿಗೆ, ಮುಟ್ಟು.”

ಅಣ್ಣನ ಮೇಲೆ ಪರೀಕ್ಷೆ ಮಾಡುವಂತಿರಲಿಲ್ಲವಲ್ಲ, ಅದಕ್ಕೆ ಅತ್ತಿಗೆಯೇ ಸಿಕ್ಕಿದ್ದು. ಗೂಳಿಯನ್ನು ಸವತಿಯಂತೆ ದ್ವೇಷಿಸಿದವಳಿಗೆ ಅದರ ಮೈಯೆಲ್ಲ ಗೊತ್ತಿತ್ತು. ದಿಂಬಿನ ಕವರುಗಳನ್ನು ಅದರ ಡಿಕ್ಕಿಯ ಮೇಲೇ ಒಣಗಿಸಿ ಗಂಡನ ಹತ್ತಿರ ಬೈಸಿಕೊಂಡವಳು ಅವಳು. ದುಪಟ್ಟಾ ಕಟ್ಟಿಕೊಂಡು ಕೂತು, ಬೆರಳಾಡಿಸುತ್ತ ಹೇಳುತ್ತ ಹೋದಳು. “ಗೂನು ಇನ್ನೂ ಎತ್ತರ ಇತ್ತು. ನನ್ನ ಸೆರಗು ಸಿಕ್ಕಿ ಹರಿದದ್ದೇ ಅಲ್ಲಿ... ಹಾಂ, ಈ ತೊಡೆ ಸರಿ ಇದೆ... ಹಿಂದೆ ಇದೇನಿದು?”

“ನಂಬರ್ ಪ್ಲೇಟು.”

“ಇಷ್ಟು ನೆಟ್ಟಗೆ ಇರಲಿಲ್ಲ ಬಿಡು.” ಅತ್ತಿಗೆ ದುಪಟ್ಟಾ ಸರಿಸಿ ನಕ್ಕಳು. “ಒಂದೇ ಸ್ಕ್ರೂನಲ್ಲಿ ನೇತಾಡ್ತಿತ್ತು. ರಿವರ್ಸ್ ತಗೊಂಡ್ರೆ ಟಿಣಿಟಿಣಿ ಅನ್ನೋದು. ನಾನು ಒಳಗೆ ಕೂತೇ ಹೇಳ್ತಿದ್ದೆ, ಯಜಮಾನರು ಹೊರಟ್ರು, ಯಜಮಾನರು ಬಂದ್ರು ಅಂತ. ಇನ್ನೊಂದು ಸ್ಕ್ರೂ ಹಾಕ್ರೀ ಅಂದ್ರೆ, ನಾಳೆ ಹಾಕ್ತೀನಿ ಅನ್ನೋರು. ಬೇರೆಯವರ ಕಾರೆಲ್ಲ ರಿಪೇರಿ ಮಾಡಿದ ಮನುಷ್ಯ, ಆ ನಾಳೆ ಬರಲೇ ಇಲ್ಲ.”

ಹಲ್ಲಕ್ಕ ಆ ನೆಟ್ಟಗಿನ ಪ್ಲೇಟನ್ನು ಬೆರಳಿನಿಂದ ಮುಟ್ಟಿ ನೋಡಿದಳು. ತಾನು ಪತ್ರಿಕೆಯ ಚಿತ್ರ ನೋಡಿ ಮಾಡಿದ್ದು ಯಾವುದೋ ಕಾರಿನ ಹಿಂಭಾಗ. ಅಣ್ಣನದು ಇದು, ಸೊಟ್ಟಗೆ ಜೋತುಬಿದ್ದದ್ದು. ಸೊಟ್ಟಗಿರುವುದನ್ನು ಕಂಡರೆ ಮೈ ಪರಚಿಕೊಳ್ಳುವ ಅವಳೇ ಅಂದು ಆ ನೆಟ್ಟಗಿನ ಪ್ಲೇಟನ್ನು ಕಿತ್ತಳು. ಲೋಹದಲ್ಲಿ ತೆಳ್ಳಗೆ ಹೊಸದೊಂದು ಮಾಡಿ, ಎರಡು ತೂತು ಕೊರೆದು, ಒಂದಕ್ಕೆ ಮಾತ್ರ ಸ್ಕ್ರೂ ಹಾಕಿದಳು. ಅಷ್ಟು ಸಣ್ಣ ಸ್ಕ್ರೂ ಬೇರೆಲ್ಲಿ ಸಿಗುತ್ತದೆ? ಮೇಜಿನ ಖಾನೆಯಲ್ಲಿ ಸುಮ್ಮನೆ ಬಿದ್ದಿದ್ದ ಅಣ್ಣನ ಕನ್ನಡಕದಿಂದಲೇ ಎರಡು ಬಿಚ್ಚಿಕೊಂಡಿದ್ದಳು. ಎರಡನೆಯದನ್ನು ಒಂದು ಬಟ್ಟಲಿನಲ್ಲಿ ಹಾಕಿಟ್ಟಳು.

ಮರುದಿನ ಮಧ್ಯಾಹ್ನ ಅವಳು ಕಾರನ್ನು ಅಣ್ಣನ ಬಳಿ ಒಯ್ಯಲಿಲ್ಲ. ತರಬೇಡ ಎಂದಿದ್ದ, ತರಲಿಲ್ಲ. ತನ್ನ ಮೇಜಿನ ಮೇಲಿಟ್ಟು, ಬಾಗಿಲು ಅಗಲ ತೆರೆದು, ಹಿಂದಕ್ಕೂ ಮುಂದಕ್ಕೂ ಉರುಳಿಸಿದಳು. ಟಿಣಿಟಿಣಿ. ಸದ್ದು ಅಸಲಿಗಿಂತ ತೆಳು, ಆದರೆ ತಾಳ ಅದೇ. ಅಡುಗೆಮನೆಯಲ್ಲಿ ಅತ್ತಿಗೆ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದಳು. ಹಲ್ಲಕ್ಕ ಮತ್ತೆ ಉರುಳಿಸಿದಳು. ತಾನು ಮಾಡುತ್ತಿರುವುದು ಸರಿಯೋ ತಪ್ಪೋ ಅವಳಿಗೇ ಗೊತ್ತಿರಲಿಲ್ಲ.

“ಏನೇ ಅದು?” ಹಿತ್ತಿಲ ಬಾಗಿಲಿನಿಂದ ಅಣ್ಣನ ದನಿ.

“ಬೇಕಿದ್ರೆ ಬಂದು ನೋಡು.”

ಕುರ್ಚಿ ಕಿರುಗುಟ್ಟಿತು. ಗೋಡೆ ಸವರಿಕೊಂಡು, ನಡುಮನೆಯ ಬೆಂಚಿಗೆ ಮೊಣಕಾಲು ಹೊಡೆಸಿಕೊಂಡು, ಯಾರ ಕೈಯನ್ನೂ ಹಿಡಿಯದೆ ಅವನು ಬಂದ. ಬಾಗಿಲ ಬಳಿ ನಿಂತ. “ನನಗೆ ಹೆದರಿಕೆ ಆಗ್ತಿದೆ ಕಣೇ,” ಎಂದ.

“ನನಗೂ,” ಎಂದಳು ಹಲ್ಲಕ್ಕ. ಸ್ಟೂಲನ್ನು ಅವನ ಕಾಲಿಗೆ ತಾಗಿಸಿದಳು.

ಅವನು ಕೂತು ಮೇಜಿನ ಮೇಲೆ ಕೈ ಚಾಚಿದ. ಸದ್ದು ಬಂದ ಕಡೆಗೇ ಬೆರಳು ಹೋಯಿತು. ಪ್ಲೇಟು ಸಿಕ್ಕಿತು. ತಳ್ಳಿದ, ಅದು ತೂಗಾಡಿತು. ಬೆರಳು ಅಲ್ಲೇ ನಿಂತಿತು. ಆಮೇಲೆ ಕೆಳಗೆ ತಣ್ಣನೆಯ ಬಂಪರಿಗೆ ಇಳಿಯಿತು, ಅಲ್ಲಿಂದ ಮೇಲಕ್ಕೆ, ಒಂದು ದೀಪ, ಎರಡು, ಮೂರು, ಆ ಕಡೆ ಮತ್ತೆ ಮೂರು. ಡಿಕ್ಕಿಯ ತುಟಿ. ಉಬ್ಬಿದ ತೊಡೆಗಳು.

“ಬಂತು,” ಎಂದ. “ಅಯ್ಯೋ, ಪೂರ್ತಿ ಬಂತು ಕಣೇ. ಶೆಡ್ಡಿನ ಗೋಡೆ ಸಮೇತ ಬಂತು. ಅದರ ಮೇಲೆ ಇವಳ ದರಿದ್ರ ದಿಂಬಿನ ಕವರು!”

ಅಡುಗೆಮನೆಯ ಬಾಗಿಲಲ್ಲಿ ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹಲ್ಲಕ್ಕ ಇನ್ನೊಂದು ಸ್ಟೂಲ್ ಎಳೆದುಕೊಂಡು ಅವನ ಎದುರಿಗೆ ಕೂತಳು. ಅಣ್ಣ ಉಗುರಿನಿಂದ ಬಾಗಿಲು ತೆರೆದ, ಸೀಟು ಒತ್ತಿ ನೋಡಿದ. “ಸೀಟು ಹಿಂದಕ್ಕಾಯ್ತು. ನನ್ನ ಕಾಲು ಇಷ್ಟುದ್ದ ಯಾವಾಗ ಇತ್ತೇ?” ಎಂದು ರೇಗಿದ. ಅವನು ರೇಗುವುದನ್ನು ಕೇಳಿ ಎಷ್ಟು ಕಾಲವಾಗಿತ್ತು! ಆಮೇಲೆ ಮತ್ತೆ ಹಿಂದಕ್ಕೆ ಬಂದು ಪ್ಲೇಟಿನ ಖಾಲಿ ತೂತಿನ ಮೇಲೆ ಬೆರಳಿಟ್ಟ.

“ಇದರ ಸ್ಕ್ರೂ ಎಲ್ಲಿ?”

ಹಲ್ಲಕ್ಕ ಬಟ್ಟಲನ್ನು ಸರಿಸಿದಳು, ಸಣ್ಣ ಸ್ಕ್ರೂಡ್ರೈವರ್ ಕೈಗಿಟ್ಟಳು. ಅವನು ಸ್ಕ್ರೂವನ್ನು ಬೆರಳ ತುದಿಯಲ್ಲಿ ಉರುಳಿಸಿದ. “ನನ್ನ ಕನ್ನಡಕದ್ದಲ್ವಾ?”

“ಹೌದು.”

“ಸರಿ ಬಿಡು. ಅಲ್ಲಿದ್ದು ಏನು ಮಾಡಬೇಕಿತ್ತು?”

ಮೊದಲ ಸಲ ಸ್ಕ್ರೂ ಜಾರಿ ಮೇಜಿನ ಮೇಲೆ ಬಿತ್ತು. ಹಲ್ಲಕ್ಕನ ಕೈ ತಾನಾಗಿಯೇ ಮುಂದೆ ಹೋಯಿತು, ಹಿಂದಕ್ಕೆಳೆದುಕೊಂಡಳು. ಅವನೇ ಹುಡುಕಿಕೊಂಡ. ಎರಡನೆಯ ಸಲ ಸೊಟ್ಟಗೆ ಕೂತಿತು, ಬಿಚ್ಚಿದ. ಮತ್ತೆ ಬಿತ್ತು. ಬೆವರು ಅವನ ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಹಲ್ಲಕ್ಕ ಎರಡೂ ಕೈಗಳನ್ನು ತೊಡೆಯಡಿ ಹಾಕಿಕೊಂಡು ಅವುಗಳ ಮೇಲೇ ಕೂತಳು. ಒಂದು ನಿಮಿಷದ ಕೆಲಸ, ತನಗೆ ಕೊಟ್ಟಿದ್ದರೆ! ಕಿಟಕಿಯ ಬಿಸಿಲು ದವಡೆಗಳ ಮೇಲಿಂದ ಇಳಿದು ನೆಲಕ್ಕೆ ಬಂದಿತ್ತು. ಅಣ್ಣ ಬಿಡಲಿಲ್ಲ. ಕಡೆಗೊಮ್ಮೆ ಸ್ಕ್ರೂ ತನ್ನ ಜಾಗ ಹಿಡಿಯಿತು. ಅವನು ನಿಧಾನವಾಗಿ ತಿರುಗಿಸುತ್ತ, ತಲೆ ಎತ್ತದೆ ಹೇಳಿದ.

“ನಿನ್ನ ಮುಖ ಎಲ್ಲೂ ಹೋಗಿಲ್ಲ ಬಿಡು. ಈಗ ಹೇಗಿದೆ ಹೇಳ್ಲಾ? ಕೆಳತುಟಿ ಕಚ್ಕೊಂಡು, ಮೂಗು ಅರಳಿಸ್ಕೊಂಡು, ಕೊಡೋ ಇಲ್ಲಿ ನಾನು ಹಾಕ್ತೀನಿ ಅಂತ ಚಡಪಡಿಸ್ತಿದೀಯ.”

ಹಲ್ಲಕ್ಕ ಕಚ್ಚಿದ್ದ ತುಟಿಯನ್ನು ಮೆಲ್ಲಗೆ ಬಿಟ್ಟಳು.